ತೂತು ಕೊರೆಯುವ ಮೊದಲು

ನನ್ನ ಹತ್ತಿರ ಇರುವುದು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1961ರಲ್ಲಿ ಹೊರತಂದ ಮೊದಲ ಕಬ್ ಕೆಡೆಟ್ ಗಾರ್ಡನ್ ಟ್ರ್ಯಾಕ್ಟರ್. 7 ಅಶ್ವಶಕ್ತಿಯ ಒಂಟಿ ಸಿಲಿಂಡರಿನ ಕೋಲರ್ ಎಂಜಿನ್, ಮೂರು ಗೇರ್. ಹಿಂದಿನ ಚಕ್ರಕ್ಕೆ ಬೆಲ್ಟ್ ಹಂಗಿಲ್ಲ, ಶಾಫ್ಟಿನಿಂದಲೇ ಓಡುತ್ತದೆ. ಆ ಮಾದರಿಗೆ ನಂಬರ್ ಕೊಟ್ಟಿರಲಿಲ್ಲವಾದ್ದರಿಂದ ಇವತ್ತು ಅದನ್ನು ‘ಒರಿಜಿನಲ್’ ಅಂತಲೇ ಕರೆಯುತ್ತಾರೆ. ಅಂಥ ಗಾಡಿಯ ಡ್ಯಾಶ್‌ಬೋರ್ಡಿಗೆ ನಾನೇ ಕೈಯಾರೆ ತೂತು ಹೊಡೆದೆ.

ನನಗೆ ಬೇಕಾಗಿದ್ದದ್ದು ಆಯಿಲ್ ಪ್ರೆಶರ್ ಮೀಟರ್. ಹಳೇ ಎಂಜಿನ್, ಎಣ್ಣೆ ಸರಿಯಾಗಿ ಓಡುತ್ತಿದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತಿರಲಿ ಅನ್ನುವ ಕಾಳಜಿ. 52 ಮಿ.ಮೀ. ತೂತು ಕೊರೆದು, ಅಂಚನ್ನು ಅರದಿಂದ ಉಜ್ಜಿ, ಮೀಟರ್ ಕೂರಿಸಿ, ಪೈಪ್ ಜೋಡಿಸಲು ಎಂಜಿನ್ನಿನ ಪಕ್ಕ ಕೂತು ಹುಡುಕಿದರೆ ಪೈಪ್ ಹಾಕುವ ಜಾಗವೇ ಇಲ್ಲ. ಯಾಕೆಂದರೆ ಈ ಎಂಜಿನ್ನಿನಲ್ಲಿ ಆಯಿಲ್ ಪಂಪೇ ಇಲ್ಲ! ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡಿನ ತುದಿಯಲ್ಲಿ ಚಮಚದಂಥ ಒಂದು ನಾಲಿಗೆ ಇದೆ. ಪ್ರತಿ ಸುತ್ತಿಗೂ ಅದು ಎಂಜಿನ್ನಿನ ತಳದ ಎಣ್ಣೆಗೆ ಅದ್ದಿ ಮೇಲಕ್ಕೆ ಚಿಮ್ಮಿಸುತ್ತದೆ. ಪ್ರೆಶರ್ ಅನ್ನುವುದೇ ಹುಟ್ಟದ ಕಡೆ ಮೀಟರ್ ಏನನ್ನು ತೋರಿಸೀತು? ಇಲ್ಲಿ ಕಾಯಬೇಕಾದದ್ದು ಎಣ್ಣೆಯ ಮಟ್ಟವನ್ನು, ಜೊತೆಗೆ ಎಂಜಿನ್ ತೀರಾ ನಿಧಾನಕ್ಕೆ ಬಹಳ ಹೊತ್ತು ಓಡದಂತೆ ನೋಡಿಕೊಳ್ಳಬೇಕು, ಚಿಮ್ಮುವುದು ಕಡಿಮೆಯಾದರೆ ಮೇಲಿನ ಭಾಗಗಳು ಒಣಗುತ್ತವೆ.

ಆ ತೂತಿನಲ್ಲಿ ಈಗ ಗಂಟೆ ಎಣಿಸುವ ಮೀಟರ್ ಇದೆ. 25 ಗಂಟೆ ಓಡಿದ ಮೇಲೆ ಎಣ್ಣೆ ಬದಲಿಸಬೇಕು; ಮೊದಲೆಲ್ಲ ಅಂದಾಜಿನ ಮೇಲೆ ಮಾಡುತ್ತಿದ್ದೆ, ಈಗ ಲೆಕ್ಕ ಸಿಗುತ್ತದೆ. ಉಪಯೋಗವೇನೋ ಆಯಿತು. ಆದರೆ ಅದನ್ನೇ ಒಂದು ಲೋಹದ ಪಟ್ಟಿಗೆ ಕಟ್ಟಿ, ಮೊದಲೇ ಇದ್ದ ಬೋಲ್ಟಿಗೆ ಸಿಕ್ಕಿಸಬಹುದಿತ್ತು ಅನ್ನುವುದು ಇವತ್ತಿಗೂ ನೋಯಿಸುತ್ತದೆ.

ಅವತ್ತಿನಿಂದ ನನ್ನ ಪದ್ಧತಿ ಒಂದೇ: ಏನು ಹಾಕಿದರೂ ಸ್ಪ್ಯಾನರ್ ಹಿಡಿದು ಬಿಚ್ಚಿದರೆ ಗುರುತು ಉಳಿಯಬಾರದು. ಡ್ರಿಲ್, ವೆಲ್ಡಿಂಗ್, ಕತ್ತರಿಸುವುದು ಮೂರೂ ಬೇಡ.

ದೀಪಗಳ ವಿಷಯದಲ್ಲಿ ಇದು ಸುಲಭವಾಗಿ ಕೈಗೂಡಿತು. ಸ್ಟಾರ್ಟರ್ ಮತ್ತು ಡೈನಮೋ ಎರಡೂ ಕೆಲಸ ಮಾಡುವ ಒಂದೇ ಮೋಟಾರು ಇದರಲ್ಲಿರುವುದು. ಎಂಜಿನ್ ನಿಧಾನವಾದರೆ ಅದರಿಂದ ಬರುವ ಕರೆಂಟೂ ಕುಸಿಯುತ್ತದೆ. 35 ವ್ಯಾಟಿನ ಎರಡು ಹಳೇ ಬಲ್ಬು ಉರಿದರೆ 12 ವೋಲ್ಟಿನಲ್ಲಿ ಹೆಚ್ಚುಕಡಿಮೆ 6 ಆಂಪಿಯರ್ ಎಳೆಯುತ್ತವೆ, ಬ್ಯಾಟರಿ ಇಳಿಯುತ್ತಾ ಹೋಗುತ್ತದೆ. ದೀಪದ ಡೂಮು, ಗಾಜು ಎಲ್ಲ ಹಾಗೇ ಇಟ್ಟು ಒಳಗೆ ಮಾತ್ರ 10 ವ್ಯಾಟಿನ ಹಳದಿ ಬೆಳಕಿನ ಎಲ್‌ಇಡಿ ಹಾಕಿದೆ. ಹೊರಗಿನಿಂದ ನೋಡಿದವರಿಗೆ ಬದಲಾವಣೆ ತಿಳಿಯುವುದಿಲ್ಲ. ಇದೇ ಸಮಯದಲ್ಲಿ ಡೈನಮೋದ ಕರೆಂಟನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೂಡ ಬದಲಿಸಿದೆ. ಹಾಗೆ ಬದಲಿಸಿದರೆ ಎಂಜಿನ್ ಚಾಲೂ ಮಾಡುವ ಮೊದಲೇ ರೆಗ್ಯುಲೇಟರಿನ ಬ್ಯಾಟರಿ ಮತ್ತು ಆರ್ಮೇಚರ್ (ಡೈನಮೋ ಕಡೆಯ) ಟರ್ಮಿನಲ್‌ಗಳಿಗೆ ಒಂದು ವೈರನ್ನು ಕ್ಷಣಮಾತ್ರ ತಾಗಿಸಿ ತೆಗೆಯಬೇಕು. ಸಣ್ಣ ಕಿಡಿ ಹಾರುತ್ತದೆ, ಡೈನಮೋದ ಪ್ಲಸ್-ಮೈನಸ್ ಸರಿಯಾದ ದಿಕ್ಕಿಗೆ ಕೂರುತ್ತದೆ. ಇದನ್ನು ಮರೆತರೆ ಡೈನಮೋ ಕರೆಂಟನ್ನು ತಿರುಗುಮುರುಗಾಗಿ ಹುಟ್ಟಿಸಿ ರೆಗ್ಯುಲೇಟರಿನ ಪಾಯಿಂಟುಗಳು ಸುಟ್ಟುಹೋಗಬಹುದು.

ಹಿಂದಿನ ಚಕ್ರ ಜಾರುತ್ತಿದ್ದುದಕ್ಕೆ ಭಾರ ಹೆಚ್ಚಲಿ ಎಂದು ಟಯರಿನೊಳಗೆ ಕ್ಯಾಲ್ಸಿಯಂ ಕ್ಲೋರೈಡ್ ನೀರು ತುಂಬಿಸು ಎಂದು ಕೆಲವರು ಹೇಳಿದರು. ಬೇಡ ಅಂದೆ. ಟ್ಯೂಬ್ ಸ್ವಲ್ಪ ಸೋರಿದರೂ ರಿಮ್ಮನ್ನು ತುಕ್ಕು ತಿಂದುಬಿಡುತ್ತದೆ, ಅರವತ್ತು ವರ್ಷ ಹಳೇ ರಿಮ್ಮಿಗೆ ಜೋಡಿ ಎಲ್ಲಿ ತರುವುದು? ರಿಮ್ಮಿನಲ್ಲಿದ್ದ ತೂತುಗಳಿಗೇ ಎರಕದ ಕಬ್ಬಿಣದ ತೂಕದ ಬಿಲ್ಲೆ ಬಿಗಿದೆ. ಅದೇ ಕಾಲದ ತೂಕದ ಬಿಲ್ಲೆ, ಅದೇ ಕಾಲದ ಮುಂಬದಿ ಬ್ಲೇಡು ಹಾಕಿದರೆ ಒರಿಜಿನಲ್‌ತನ ಕೆಡುತ್ತದೆ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಈ ಗಾಡಿ ಹುಟ್ಟಿದ್ದೇ ಉಪಕರಣ ಕಟ್ಟಿಕೊಂಡು ದುಡಿಯುವುದಕ್ಕೆ. ಮಣ್ಣು ಎತ್ತುವ ಫ್ರಂಟ್ ಲೋಡರ್ ಮಾತ್ರ ಖಂಡಿತ ಬೇಡ. ಅಷ್ಟು ಭಾರ ಮುಂದಿನ ಆಕ್ಸೆಲ್ಲಿನ ಮೇಲೆ ಬಿದ್ದರೆ ಚಕ್ರ ಕೂರುವ ಸ್ಪಿಂಡಲ್ ಬಾಗುತ್ತದೆ.

ಬ್ಲೇಡು ಎತ್ತುವ ಲಿವರಿಗೆ ಎಲೆಕ್ಟ್ರಿಕ್ ಮೋಟಾರು ಕೂರಿಸುವ ಆಸೆ ಬಹಳ ದಿನದಿಂದ ಇದೆ, ಭುಜ ಮೊದಲಿನಂತಿಲ್ಲ. ಎರಡು ಸಲ ಅಳತೆ ತೆಗೆದೆ. ಎರಡು ಸಲವೂ ಚಾಸಿಗೆ ವೆಲ್ಡಿಂಗ್ ಮಾಡದೆ ಆಗುವುದಿಲ್ಲ ಅನ್ನುವ ಕಡೆಗೇ ಬಂದು ನಿಂತೆ. ಈಗ ಲಿವರಿಗೆ ಒಂದು ಸ್ಪ್ರಿಂಗ್ ಸಿಕ್ಕಿಸಿ, ಕೈಯಲ್ಲೇ ಎತ್ತುತ್ತಿದ್ದೇನೆ.