ಆನ್‌ಲೈನಲ್ಲಿ ನೋಡಿ ಸೆಕೆಂಡ್ ಹ್ಯಾಂಡ್ ಪಿಕಪ್ ತಗೊಂಡಿದ್ದು: ನನ್ನ ಅನುಭವ

ಸೆಕೆಂಡ್ ಹ್ಯಾಂಡ್ ಪಿಕಪ್ ತಗೋಳೋದು ಕಾರ್ ತಗೊಂಡ ಹಾಗಲ್ಲ, ಇದನ್ನ ಮೊದಲೇ ಹೇಳ್ಬಿಡ್ತೀನಿ. ಕಾರಲ್ಲಿ ಎಷ್ಟು ಕಿಲೋಮೀಟರ್ ಓಡಿದೆ ಅಂತ ಎಲ್ಲರೂ ಮೊದಲು ಕೇಳ್ತಾರೆ, ಪಿಕಪ್ಪಲ್ಲಿ ಅದಕ್ಕಿಂತ ಎಷ್ಟು ಭಾರ ಹೊತ್ತಿದೆ, ಹಿಂದೆ ಏನೇನು ಎಳೆದಿದೆ ಅನ್ನೋದು ಮುಖ್ಯ. ದಿನಾ ಓವರ್‌ಲೋಡ್ ಹೊಡೆದು 80 ಸಾವಿರ ಓಡಿರೋ ಗಾಡಿಗಿಂತ ಹಗುರವಾಗಿ ಓಡಾಡಿ, ಟೈಮಿಗೆ ಸರಿಯಾಗಿ ಸರ್ವಿಸ್ ಮಾಡಿಸ್ಕೊಂಡು 2 ಲಕ್ಷ ಓಡಿರೋ ಗಾಡಿ ಎಷ್ಟೋ ವಾಸಿ. ಆದ್ರೆ ಭಾರದ ಲೆಕ್ಕ ಯಾವ ಮೀಟರಲ್ಲೂ ಬರಲ್ಲ, ಜಾಹೀರಾತಲ್ಲಂತೂ ಯಾರೂ ಬರೆಯಲ್ಲ. ಅದನ್ನ ಗಾಡಿ ಮೈಮೇಲೆ ಹುಡುಕಬೇಕು. ನಾನು ಹುಡುಕಿದ್ದು ಪೂರ್ತಿ ಇದೇ ಲೆಕ್ಕದಲ್ಲಿ.

ನನಗೆ ಬೇಕಿದ್ದಿದ್ದು ಡಬಲ್ ಕ್ಯಾಬ್ (ಎರಡು ಸಾಲು ಸೀಟಿರೋದು), ಡೀಸೆಲ್, ಮ್ಯಾನುಯಲ್ ಗೇರ್, ಫೋರ್ ವೀಲ್ ಡ್ರೈವ್. ಲಿಸ್ಟಿಂಗ್ ಸೈಟುಗಳಲ್ಲಿ ಇಷ್ಟು ಫಿಲ್ಟರ್ ಹಾಕಿ ಸೇವ್ ಮಾಡಿ, ಹೊಸದು ಮೇಲೆ ಬರೋ ಹಾಗೆ ಇಟ್ಕೊಂಡೆ. ದಿನಾ ಬೆಳಿಗ್ಗೆ ಸಂಜೆ ಒಂದು ಸಲ ಕಣ್ಣಾಡಿಸೋದು ಅಷ್ಟೇ. ಕೆಲವೇ ವಾರದಲ್ಲಿ ಯಾವ ಮಾಡೆಲ್ಲು ಯಾವ ವರ್ಷದ್ದು ಎಷ್ಟಕ್ಕೆ ನಿಲ್ಲುತ್ತೆ ಅಂತ ತಲೇಲಿ ಕೂತ್ಬಿಡುತ್ತೆ, ಆಮೇಲೆ ಯಾರಾದ್ರೂ ಮಾರ್ಕೆಟ್ ರೇಟಿಗಿಂತ ಅರ್ಧಕ್ಕೆ ಹಾಕಿದ್ರೆ ಖುಷಿ ಬದಲು ಅನುಮಾನ ಬರುತ್ತೆ. ಬರಲೇಬೇಕು. ನಾನು ಬೇರೆ ದೇಶದಲ್ಲಿದೀನಿ, ಗಾಡಿ ಗೋಡೌನಲ್ಲಿದೆ, ಅಡ್ವಾನ್ಸ್ ಹಾಕಿದ್ರೆ ಮನೆಗೇ ಕಳಿಸ್ತೀನಿ ಅನ್ನೋ ಜಾಹೀರಾತು ಎಲ್ಲ ಕಡೆನೂ ಒಂದೇ ತರ ಇರುತ್ತೆ, ಫೋಟೋ ಹಾಕಿ ರಿವರ್ಸ್ ಸರ್ಚ್ ಮಾಡಿದ್ರೆ ಅದೇ ಗಾಡಿ ಇನ್ನೆಲ್ಲೋ ಇನ್ಯಾರದೋ ಹೆಸರಲ್ಲಿ ಸಿಗುತ್ತೆ. ಗಾಡಿ ಮುಟ್ಟಿ ನೋಡೋಕೆ ಮುಂಚೆ ಒಂದು ಪೈಸೆನೂ ಕೊಡಬಾರದು, ಇದರಲ್ಲಿ ರಾಜಿನೇ ಇಲ್ಲ.

ಫೋಟೋಗಳನ್ನ ಚೆನ್ನಾಗಿದೆಯಾ ಅಂತ ನೋಡೋದಕ್ಕಿಂತ ಏನು ತೋರಿಸ್ತಿಲ್ಲ ಅಂತ ನೋಡಿ. ನೀರು ಹಾಕಿ ಒದ್ದೆ ಇರುವಾಗ್ಲೇ ತೆಗೆದಿದ್ರೆ ಗೀರು, ಪೇಂಟಿನ ಬಣ್ಣದ ವ್ಯತ್ಯಾಸ ಏನೂ ಕಾಣಲ್ಲ. ಮುಂದಿನಿಂದ ಹತ್ತು ಫೋಟೋ ಹಾಕಿ ಹಿಂದೆ ಸಾಮಾನು ಹೇರೋ ತೊಟ್ಟಿ ಒಳಗಡೆದು ಒಂದೂ ಇಲ್ಲ ಅಂದ್ರೆ ಅದಕ್ಕೊಂದು ಕಾರಣ ಇರುತ್ತೆ. ನಾನು ಪಕ್ಕದಿಂದ ಸಮತಟ್ಟು ಜಾಗದಲ್ಲಿ ನಿಲ್ಲಿಸಿ ತೆಗೆದ ಫೋಟೋ ಕೇಳ್ತಿದ್ದೆ, ಖಾಲಿ ಪಿಕಪ್ಪು ಸಾಮಾನ್ಯವಾಗಿ ಹಿಂದೆ ಸ್ವಲ್ಪ ಎತ್ತರವಾಗಿ ನಿಂತಿರಬೇಕು, ಖಾಲಿ ಇದ್ರೂ ಹಿಂದಕ್ಕೆ ಕುಸಿದು ಕೂತಿದ್ರೆ ಲೀಫ್ ಸ್ಪ್ರಿಂಗ್ (ಹಿಂದೆ ಭಾರ ಹೊರೋ ಕಬ್ಬಿಣದ ಪಟ್ಟಿಗಳು) ಸುಸ್ತಾಗಿದೆ ಅಂತಲೇ ಅರ್ಥ. ಈ ಒಂದು ಫೋಟೋ ನೋಡೇ ಸುಮಾರು ಗಾಡಿ ಕೈಬಿಟ್ಟೆ.

ಚಾಟ್ ಮಾಡೋದಕ್ಕಿಂತ ಫೋನ್ ಮಾಡೋದು ಒಳ್ಳೇದು. ನಿಮ್ಮ ಗಾಡಿ ವಿಷಯ ಕೇಳೋಣ ಅಂತ ಮಾಡಿದೆ ಅನ್ನಿ ಅಷ್ಟೇ, ಯಾವುದು ಅಂತ ಹೇಳ್ಬೇಡಿ. ಯಾವ ಗಾಡಿ ಸಾರ್ ಅಂತ ಕೇಳಿದ್ರೆ ಅವರು ಓನರ್ ಅಂತ ಹಾಕ್ಕೊಂಡಿರೋ ವ್ಯಾಪಾರಿ. ವ್ಯಾಪಾರಿ ಹತ್ರ ತಗೋಬಾರದು ಅಂತಲ್ಲ, ಆದ್ರೆ ಗಾಡಿ ಹೇಗೆ ಓಡಿದೆ ಅಂತ ಅವರಿಗೆ ಗೊತ್ತಿರಲ್ಲ, ನನಗೆ ಬೇಕಿದ್ದಿದ್ದೇ ಆ ಮಾಹಿತಿ. ಓನರ್ ಆದ್ರೆ ಏನು ಹೇರ್ತಿದ್ರಿ, ಟ್ರೇಲರ್ ಎಳೀತಿದ್ರಾ, ಯಾಕೆ ಮಾರ್ತಿದೀರ ಅಂತ ಕೇಳಿ ಸುಮ್ಮನಾಗ್ತಿದ್ದೆ. ಜನ ಮಾತಾಡ್ತಾರೆ. ಚಾಸಿಸ್ ನಂಬರ್ ಕೂಡ ಫೋನಲ್ಲೇ ಕೇಳಿ ತಗೋಬೇಕು, 17 ಅಕ್ಷರ-ಅಂಕಿ ಇರುತ್ತೆ, ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಈ ಮೂರು ಅಕ್ಷರ ಬರೋದೇ ಇಲ್ಲ, 1 ಮತ್ತು 0 ಜೊತೆ ಗೊಂದಲ ಆಗ್ಬಾರದು ಅಂತ ಬಿಟ್ಟಿದಾರೆ. ಕೊಟ್ಟ ನಂಬರಲ್ಲಿ ಅವು ಇದ್ರೆ ಒಂದಾ ತಪ್ಪು ಓದಿದಾರೆ, ಇಲ್ಲಾ ನಂಬರೇ ಸುಳ್ಳು. ಆಮೇಲೆ ಸ್ಥಳಕ್ಕೆ ಹೋದಾಗ ಫ್ರೇಮ್ (ಇಡೀ ಗಾಡಿ ಕೂತಿರೋ ಕೆಳಗಿನ ಕಬ್ಬಿಣದ ಚೌಕಟ್ಟು) ಮೇಲೆ ಕೊರೆದಿರೋದು, ಪ್ಲೇಟ್ ಮೇಲೆ ಇರೋದು, ಕಾಗದದಲ್ಲಿ ಇರೋದು ಮೂರೂ ಒಂದೇನಾ ಅಂತ ಒಂದೊಂದೇ ಅಕ್ಷರ ಬೆರಳಿಟ್ಟು ಹೋಲಿಸಿ ನೋಡಿದೆ.

ಸ್ಥಳಕ್ಕೆ ಹೋಗೋಕೆ ಮುಂಚೆ ನಾನು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ ಅಂತ ಹೇಳಿದ್ದೆ, ಹೋದ ತಕ್ಷಣ ಬಾನೆಟ್ ಎತ್ತಿ ಇಂಜಿನ್ ಹತ್ರ ಕೈ ಹಿಡಿದು ತಣ್ಣಗಿದೆಯಾ ನೋಡ್ದೆ. ಹಳೇ ಡೀಸೆಲ್ ಇಂಜಿನ್ನಿನ ನಿಜ ಬಣ್ಣ ಕೋಲ್ಡ್ ಸ್ಟಾರ್ಟಲ್ಲೇ ಗೊತ್ತಾಗೋದು. ನೀಲಿ ಹೊಗೆ ಬಂದ್ರೆ ಆಯಿಲ್ ಸುಡ್ತಿದೆ, ಬಿಳಿ ಹೊಗೆ ಬಿಸಿ ಆದ್ಮೇಲೂ ನಿಲ್ಲಲಿಲ್ಲ ಅಂದ್ರೆ ಕೂಲೆಂಟ್, ಅಂದ್ರೆ ಇಂಜಿನ್ ತಂಪು ಮಾಡೋ ನೀರು, ಒಳಗೆ ಹೋಗ್ತಿರಬಹುದು ಇಲ್ಲಾ ಡೀಸೆಲ್ ಸರಿಯಾಗಿ ಉರೀತಿಲ್ಲ. ಐಡ್ಲಿಂಗಲ್ಲಿರುವಾಗ ಆಯಿಲ್ ಹಾಕೋ ಮುಚ್ಚಳ ನಿಧಾನಕ್ಕೆ ತಿರುಗಿಸಿ ಎತ್ತಿ ನೋಡಿ, ಸ್ವಲ್ಪ ಹಬೆ ಇದ್ರೆ ಪರವಾಗಿಲ್ಲ, ಬುಸುಬುಸು ಅಂತ ಒತ್ತಡದಲ್ಲಿ ಹೊಗೆ ನುಗ್ಗಿದ್ರೆ ಪಿಸ್ಟನ್ ರಿಂಗ್ ಸವೆದಿರಬಹುದು. ಒಂದು ಗಾಡಿ ಹೊರಗಡೆಯಿಂದ ಬಹಳ ಚೆಂದ ಇತ್ತು, ಮುಚ್ಚಳ ತೆಗೆದ್ರೆ ಅದರ ಒಳಭಾಗಕ್ಕೆ ಕಾಫಿ ನೊರೆ ತರ ಅಂಟಿತ್ತು, ಆಯಿಲ್ಲಿಗೆ ನೀರು ಬೆರೆತಿದೆ ಅನ್ನೋದಕ್ಕೆ ಅದೇ ಗುರುತು. ಬರೀ ಚಿಕ್ಕ ಚಿಕ್ಕ ದೂರ ಓಡಿಸಿದ್ರೂ ಸ್ವಲ್ಪ ಹಾಗೆ ಆಗುತ್ತೆ, ಆದ್ರೆ ಇದರಲ್ಲಿ ಕೂಲೆಂಟ್ ಮೇಲೂ ಎಣ್ಣೆ ತೇಲ್ತಿತ್ತು, ಅಲ್ಲಿಂದ ಹೊರಟೆ.

ಈಗ ಫ್ರೇಮ್ ವಿಷಯ. ಪಿಕಪ್ಪಿನ ಪ್ರಾಣ ಇರೋದೇ ಇಲ್ಲಿ, ಇಂಜಿನ್ ಹೋದ್ರೆ ಬಿಚ್ಚಿ ಕಟ್ಟಬಹುದು, ಫ್ರೇಮ್ ಕೊಳೆತ್ರೆ ಗಾಡಿ ಕಥೆ ಮುಗೀತು. ಟಾರ್ಚು, ಸಣ್ಣ ಸುತ್ತಿಗೆ, ಮಲಗೋಕೊಂದು ಹಳೇ ಚೀಲ ತಗೊಂಡೇ ಹೋಗ್ತಿದ್ದೆ. ಮೇಲ್ಮೈ ತುಕ್ಕು ಕೆಂಪಗೆ ಪುಡಿಪುಡಿಯಾಗಿದ್ರೆ ಹೆದರೋ ಅಗತ್ಯ ಇಲ್ಲ, ಆದ್ರೆ ಪದರ ಪದರವಾಗಿ ಎದ್ದು ಬರ್ತಿದ್ರೆ ಬಿಡಿ. ಸುತ್ತಿಗೆಯಲ್ಲಿ ಉದ್ದಕ್ಕೂ ತಟ್ಟುತ್ತಾ ಹೋದ್ರೆ ಗಟ್ಟಿ ಇರೋ ಕಡೆ ಟಣ್ ಅನ್ನುತ್ತೆ, ಕೊಳೆತಿರೋ ಕಡೆ ಸದ್ದು ಸತ್ತಹಾಗೆ ಬರುತ್ತೆ. ಮುಖ್ಯವಾಗಿ ಹಿಂದಿನ ಸ್ಪ್ರಿಂಗ್ ಫ್ರೇಮಿಗೆ ಸೇರೋ ಜಾಗ, ಹಿಂದಿನ ಆಕ್ಸಲ್ ಮೇಲೆ ಫ್ರೇಮ್ ಬಾಗೋ ಜಾಗ, ಮಣ್ಣು ಕೂತು ತೇವ ಹಿಡಿಯೋದು ಅಲ್ಲೇ. ಎಲ್ಲ ಹಳೇದಾಗಿದ್ದು ಕೆಳಗಡೆ ಮಾತ್ರ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆದಿದ್ರೆ ಏನು ಮುಚ್ಚಿದಾರೆ ಅಂತ ಕೇಳಲೇಬೇಕು. ಕ್ಯಾಬಿಗೂ ತೊಟ್ಟಿಗೂ ಮಧ್ಯೆ ಇರೋ ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಅಗಲ ಇರಬೇಕು, ಮೇಲೆ ಕಿರಿದು ಕೆಳಗೆ ಅಗಲ ಅಥವಾ ಒಂದು ಕಡೆ ಜಾಸ್ತಿ ಅಂದ್ರೆ ಫ್ರೇಮ್ ಬಗ್ಗಿರೋ ಸಾಧ್ಯತೆ ಇದೆ.

ಓವರ್‌ಲೋಡಿನ ಗುರುತುಗಳೂ ಅಲ್ಲೇ ಕೆಳಗೇ ಸಿಗುತ್ತೆ. ಆಕ್ಸಲ್ ಮೇಲೆ ಇರೋ ರಬ್ಬರ್ ಸ್ಟಾಪರ್ ಜಜ್ಜಿಹೋಗಿದ್ರೆ ಅದು ಮತ್ತೆ ಮತ್ತೆ ಬಡಿದಿದೆ. ಸ್ಪ್ರಿಂಗಿಗೆ ಹೊರಗಡೆ ಪಟ್ಟಿ ಸೇರಿಸಿದ್ರೆ, ಪಟ್ಟಿಗಳ ಬಣ್ಣ ಬೇರೆಬೇರೆ ಇದ್ರೆ, ಕಂಪನಿ ಹೇಳಿದ್ದಕ್ಕಿಂತ ಜಾಸ್ತಿ ಹೇರಿರಬಹುದು. ತೊಟ್ಟಿಗೆ ಪ್ಲಾಸ್ಟಿಕ್ ಲೈನರ್ ಹಾಕಿದ್ರೆ ಒಂದು ಮೂಲೆ ಎತ್ತಿ ನೋಡಿ, ಅದರಡಿ ನೀರು ನಿಂತು ತಳ ತೂತಾಗಿರೋದನ್ನ ನಾನೇ ನೋಡಿದೀನಿ.

ಟೆಸ್ಟ್ ಡ್ರೈವಲ್ಲಿ ಮ್ಯೂಸಿಕ್, ಎಸಿ ಎಲ್ಲ ಆಫ್. ನಿಧಾನಕ್ಕೆ ಹೋಗ್ತಾ ದೊಡ್ಡ ಗೇರಿಗೆ ಹಾಕಿ ಆಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ ಏರಿ ವೇಗ ಏರ್ದೇ ಇದ್ರೆ ಕ್ಲಚ್ ಜಾರ್ತಿದೆ. ರಿವರ್ಸಿಂದ ಫಸ್ಟಿಗೆ ಹಾಕಿ ಬಿಟ್ಟಾಗ ಕೆಳಗಡೆ ಢಣ್ ಅಂದ್ರೆ ಪ್ರೊಪೆಲ್ಲರ್ ಶಾಫ್ಟಿನ (ಗೇರ್‌ಬಾಕ್ಸಿಂದ ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯೋ ಉದ್ದ ರಾಡು) ಜಾಯಿಂಟ್ ಸವೆದಿರಬಹುದು, ವೇಗದ ಜೊತೆ ಏರೋ ಗುಂಯ್ ಸದ್ದು ಡಿಫರೆನ್ಶಿಯಲ್ದೋ (ತಿರುವಲ್ಲಿ ಎರಡು ಚಕ್ರ ಬೇರೆಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಗೇರುಗಳು) ಬೇರಿಂಗ್ದೋ ಇರಬಹುದು. ಫೋರ್ ವೀಲ್ ಡ್ರೈವ್ ಹಾಕಿ ನೋಡೋದಾದ್ರೆ ಮಣ್ಣಿನ ಮೇಲೆ ಮಾತ್ರ, ಬೇಕಾದಾಗ ಮಾತ್ರ ಹಾಕೋ ಪಾರ್ಟ್ ಟೈಮ್ ಸಿಸ್ಟಮಲ್ಲಿ ಮುಂದಿನ ಹಿಂದಿನ ಚಕ್ರಗಳ ಮಧ್ಯೆ ಡಿಫರೆನ್ಶಿಯಲ್ ಇರಲ್ಲ, ಟಾರ್ ರೋಡಲ್ಲಿ ಹಾಕಿ ತಿರುಗಿಸಿದ್ರೆ ಗೇರುಗಳು ಬಿಗಿದು ಒದ್ದಾಡುತ್ತೆ.

ಜೇಬಲ್ಲಿ ಒಂದು ಸಣ್ಣ ಓಬಿಡಿ ಸ್ಕ್ಯಾನರ್ (ಗಾಡಿ ಕಂಪ್ಯೂಟರಿನ ಎರರ್ ಓದೋ ಸಾಧನ) ಇಟ್ಕೊಂಡಿದ್ದೆ. ಎರರ್ ಕೋಡ್ ಇಲ್ಲ ಅಂತ ತೋರಿಸಿದ್ರೆ ಅಲ್ಲಿಗೇ ನಿಲ್ಲಿಸಬಾರದು, ಗಾಡಿ ತನ್ನ ಸ್ವಂತ ಪರೀಕ್ಷೆಗಳನ್ನ ಮುಗಿಸಿದೆಯಾ ಅಂತ ತೋರಿಸೋ ರೆಡಿನೆಸ್ ಅಂತ ಒಂದು ಪುಟ ಇರುತ್ತೆ, ಅದರಲ್ಲಿ ಸುಮಾರೆಲ್ಲ ಇನ್‌ಕಂಪ್ಲೀಟ್ ಅಂತಿದ್ರೆ ಇತ್ತೀಚೆಗೆ ಕೋಡ್ ಅಳಿಸಿದಾರೆ ಇಲ್ಲಾ ಬ್ಯಾಟರಿ ಕಳಚಿದಾರೆ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 2319 ಅಂದ್ರೆ 2019ರ 23ನೇ ವಾರ ತಯಾರಾಗಿದ್ದು, ಟೈರ್ ಮೇಲ್ಮೈ ಸವೆಯದೇ ಇದ್ರೂ ಹಳೇದಾದ್ರೆ ರೇಟಲ್ಲಿ ಕಳೀಬೇಕು. ಸೀಟ್ ಬೆಲ್ಟ್ ಪೂರ್ತಿ ಎಳೆದು ನೋಡಿ, ಕೊನೇಲಿ ಕೆಸರಿನ ಗೆರೆ ಇದ್ರೆ ನೀರಲ್ಲಿ ಮುಳುಗಿದ ಗಾಡಿ.

ಕೊನೆಗೆ ತಗೊಂಡಿದ್ದು ಬಂಪರ್ ಗೀರಿರೋ, ಸೀಟ್ ಹರಿದಿರೋ, ಫೋಟೋದಲ್ಲಿ ಏನೂ ಆಕರ್ಷಣೆ ಇಲ್ಲದ ಗಾಡಿನ. ಲಿಸ್ಟಿಂಗಲ್ಲಿ ತುಂಬ ದಿನದಿಂದ ಇತ್ತು, ಎರಡು ಸಲ ರೇಟ್ ಇಳಿಸಿದ್ರು. ಫ್ರೇಮ್ ಒಣಗಿ ಗಟ್ಟಿ ಇತ್ತು, ಸ್ಪ್ರಿಂಗ್ ಒರಿಜಿನಲ್, ಸರ್ವಿಸ್ ಬಿಲ್ಲುಗಳು ಒಂದು ಫೈಲಲ್ಲಿ. ಚೌಕಾಸಿ ಮಾಡುವಾಗ ಗಾಡೀನ ಹಳಿಯೋಕೆ ಹೋಗಲಿಲ್ಲ, ಟೈರು, ಮುಂದಿನ ಬುಶ್ಶು (ಸಸ್ಪೆನ್ಶನ್ ಜಾಯಿಂಟಿನ ರಬ್ಬರ್), ಬ್ಯಾಟರಿ ಇಷ್ಟು ಬದಲಾಯಿಸಬೇಕು, ಇಷ್ಟಾಗುತ್ತೆ ಅಂತ ಬರೆದು ತೋರಿಸಿದೆ, ಅವರೂ ಒಪ್ಪಿದ್ರು. ಗಾಡಿ ಮೇಲೆ ಸಾಲ ಇತ್ತು, ಹಾಗಾಗಿ ಇಬ್ಬರೂ ಸಾಲ ಕೊಟ್ಟವರ ಹತ್ರ ಹೋಗಿ ಬಾಕಿ ನೇರ ಅಲ್ಲಿಗೇ ಕಟ್ಟಿ, ಸಾಲ ತೀರಿದ ಪತ್ರ ಕೈಗೆ ಬಂದ್ಮೇಲೆ ಉಳಿದ ದುಡ್ಡು ಅವರ ಅಕೌಂಟಿಗೆ ಹಾಕಿದೆ. ಕಾಗದದಲ್ಲಿರೋ ಹೆಸರು, ಅವರ ಗುರುತಿನ ಚೀಟಿ, ಅಕೌಂಟ್ ಹೆಸರು ಮೂರೂ ತಾಳೆ ಆಗ್ಬೇಕು.

ಮನೆಗೆ ತಂದ ವಾರದಲ್ಲೇ ಇಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚೋ ಭಾಗ), ಎರಡೂ ಡಿಫರೆನ್ಶಿಯಲ್ ಇವುಗಳ ಆಯಿಲ್, ಬ್ರೇಕ್ ಆಯಿಲ್, ಕೂಲೆಂಟ್ ಎಲ್ಲ ಹೊಸದಾಗಿ ತುಂಬಿಸಿದೆ. ಹಿಂದಿನ ಡಿಫರೆನ್ಶಿಯಲ್ಲಿನ ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಮಾತ್ರ ಅಂಟಿತ್ತು, ಬೆರಳಲ್ಲಿ ಉಜ್ಜಿ ನೋಡ್ದೆ, ಒಂದೂ ಚೂರು ಸಿಗಲಿಲ್ಲ. ಅಲ್ಲಿ ಚೂಪು ಚೂರು ಸಿಕ್ಕಿದ್ರೆ ಗೇರ್ ಹಲ್ಲು ಮುರೀತಿದೆ ಅಂತ, ನುಣ್ಣಗಿದ್ರೆ ಮಾಮೂಲಿ ಸವೆತ. ಮುಂದಿನ ಬುಶ್ಶುಗಳನ್ನೂ ಹಾಕ್ಸಾಯ್ತು, ಈಗ ಬಾಗಿಲ ಕಂಬದ ಮೇಲಿರೋ ಸ್ಟಿಕ್ಕರಲ್ಲಿ ಬರೆದಿರೋ ಒಟ್ಟು ತೂಕದ ಮಿತಿಯಿಂದ ಗಾಡಿ ತೂಕ, ಕೂರೋರ ತೂಕ ಕಳೆದು ಉಳಿದಷ್ಟೇ ಹೇರ್ತಿದೀನಿ.