ಘಟ್ಟ ಇಳಿದು ಉಡುಪಿಗೆ ಹೊರಟವರಿಗೆ

ನಾನು ಹಾಸನದವಳು. ತಂಗಿಯನ್ನು ಕೊಟ್ಟಿರುವುದು ಉಡುಪಿ ಹತ್ತಿರದ ಪಾಂಗಾಳಕ್ಕೆ. ಹನ್ನೊಂದು ವರ್ಷದಿಂದ ವರ್ಷಕ್ಕೆ ಮೂರು ಸಲವಾದರೂ ಘಟ್ಟ ಇಳಿದು ಹತ್ತುತ್ತಿದ್ದೇನೆ. ಹಾಗಾಗಿ ನಮ್ಮ ಬೀದಿಯಲ್ಲಿ ಯಾರು ಆ ಕಡೆ ಹೊರಟರೂ "ಯಾವ ಬಸ್ಸಿಗೆ ಹೋಗಲಿ ಅಕ್ಕಾ?" ಅಂತ ನನ್ನನ್ನೇ ಕೇಳುತ್ತಾರೆ. ಬಸ್ಸು ಆಮೇಲೆ. ಯಾವ ಘಾಟಿ ಅನ್ನುವುದು ಮೊದಲು.

ಹಾಸನದವರಿಗೆ ಶಿರಾಡಿ. ಸಕಲೇಶಪುರ, ಗುಂಡ್ಯ, ನೆಲ್ಯಾಡಿ, ಉಪ್ಪಿನಂಗಡಿ, ಬಿ.ಸಿ.ರೋಡ್ ದಾಟಿ ಮಂಗಳೂರಿಗೆ ಸುಮಾರು 170 ಕಿಲೋಮೀಟರ್. ಸುಬ್ರಹ್ಮಣ್ಯಕ್ಕೆ ಹೋಗುವವರು ಗುಂಡ್ಯದಲ್ಲಿ ತಿರುಗಬೇಕು. ಚಿಕ್ಕಮಗಳೂರಿನವರಿಗೆ ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಇಳಿಯಬೇಡಿ. ಆದರೆ ಬಸ್ಸಿನಲ್ಲಿ ವಾಂತಿ ಮಾಡುವವರು ಎರಡಕ್ಕೇ ನಿಲ್ಲಿಸಿ. ನಾನು ಆ ಪೈಕಿಯವಳು. ಮುಂದಿನ ಸೀಟು, ಕೈಯಲ್ಲೊಂದು ನಿಂಬೆಹಣ್ಣು, ಮೊಬೈಲ್ ಬ್ಯಾಗಿನೊಳಗೆ. ಇಷ್ಟಿದ್ದರೆ ಉಜಿರೆ ತನಕ ಬಚಾವ್.

ಮಂಗಳೂರು ಬೇಡ, ಉಡುಪಿಗೇ ನೇರ ಹೋಗಬೇಕು ಅನ್ನುವ ಶೃಂಗೇರಿ, ಕಳಸದ ಕಡೆಯವರು ಎಸ್.ಕೆ. ಬಾರ್ಡರ್ ಮೇಲೆ ಕಾರ್ಕಳಕ್ಕೆ ಇಳಿಯುತ್ತಾರೆ. ಎಸ್.ಕೆ. ಅಂದರೆ ಸೌತ್ ಕೆನರಾ. ಜಿಲ್ಲೆಯ ಹೆಸರು ಬದಲಾದರೂ ಬಾರ್ಡರ್ ಮಾತ್ರ ಹಳೇ ಹೆಸರಲ್ಲೇ ಉಳಿದಿದೆ.

ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಲೆಕ್ಕ ಯಾವಾಗ ಬೇಕಾದರೂ ತಲೆಕೆಳಗಾಗಬಹುದು. ದೋಣಿಗಲ್ ಹತ್ತಿರ ಮಣ್ಣು ಕುಸಿಯಿತು ಅಂದರೆ ಶಿರಾಡಿ ಬಂದ್. ಚಾರ್ಮಾಡಿಯಲ್ಲಿ ಮಳೆ ಜೋರಾದರೆ ರಾತ್ರಿ ಓಡಾಟಕ್ಕೆ ತಡೆ. ಒಂದು ಜುಲೈಯಲ್ಲಿ ನಮ್ಮ ಬಸ್ಸು ಸಕಲೇಶಪುರದಲ್ಲೇ ಮೂರು ಗಂಟೆ ನಿಂತು, ಕೊನೆಗೆ ಮೂಡಿಗೆರೆ ಕಡೆ ತಿರುಗಿತು. ತಂಗಿ ಮಾಡಿಟ್ಟಿದ್ದ ಪತ್ರೊಡೆ ತಿಂದದ್ದು ರಾತ್ರಿ ಹನ್ನೊಂದಕ್ಕೆ. ಹೊರಡುವ ಬೆಳಿಗ್ಗೆ ಪೇಪರ್ ನೋಡಿ. ಅದಕ್ಕಿಂತ ಒಳ್ಳೆಯದು, ಬಸ್ ನಿಲ್ದಾಣದಲ್ಲಿ ಈಗಷ್ಟೇ ಕೆಳಗಿನಿಂದ ಬಂದ ಡ್ರೈವರನ್ನು ಕೇಳುವುದು. ಕಾರಿನಲ್ಲಿ ಹೋಗುವವರಿಗೆ ನಮ್ಮ ಯಜಮಾನರ ಮಾತು ಒಂದೇ: ಘಾಟಿಯನ್ನು ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಸುಮ್ನೆ ಬ್ರೇಕ್ ಒತ್ತುತ್ತಾ ಹೋದರೆ ಸುಟ್ಟ ವಾಸನೆ ಗ್ಯಾರಂಟಿ.

ಸಮಯ ಇದ್ದರೆ ರೈಲು ಹಿಡಿಯಿರಿ. ಚಿಕ್ಕಮಗಳೂರಿನಿಂದ ಕೆಳಗಿಳಿಯುವ ರೈಲಿಲ್ಲ, ಹಾಸನಕ್ಕೋ ಸಕಲೇಶಪುರಕ್ಕೋ ಬಂದೇ ಹತ್ತಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗ. ಮೊದಲ ಸಲ ಮಗಳು ಎಣಿಸಲು ಕೂತು, ಮೂವತ್ತು ದಾಟುವಾಗ ನಿದ್ದೆ ಹೋದಳು. ರೈಲು ಅಷ್ಟು ನಿಧಾನ. ಇದಕ್ಕೆ ಹಗಲಿನ ರೈಲೇ ಆಗಬೇಕು. ಕಾರವಾರದ ರಾತ್ರಿ ರೈಲಿನಲ್ಲಿ ಬೆಳಗಿನ ಜಾವ ಉಡುಪಿಯಲ್ಲಿ ಇಳಿಯಬಹುದು, ಆದರೆ ಏನೂ ಕಾಣುವುದಿಲ್ಲ. ಉಡುಪಿ ಸ್ಟೇಷನ್ ಪೇಟೆಯಲ್ಲಿಲ್ಲ, ಇಂದ್ರಾಳಿಯಲ್ಲಿದೆ. ಇಳಿದ ಮೇಲೆ ಆಟೊ ಬೇಕು. ಮಂಗಳೂರಿನಲ್ಲಂತೂ ಸ್ಟೇಷನ್ ಎರಡು, ಸೆಂಟ್ರಲ್ ಮತ್ತು ಜಂಕ್ಷನ್. ಟಿಕೆಟ್‌ನಲ್ಲಿ ಯಾವುದು ಅಂತ ನೋಡಿಕೊಂಡು, ಕರೆದುಕೊಂಡು ಹೋಗುವವರಿಗೆ ಅದನ್ನೇ ಹೇಳಿ.

ಘಟ್ಟದ ಕೆಳಗೆ ಬಸ್ಸಿನ ಪ್ರಪಂಚವೇ ಬೇರೆ. ನಮಗೆ ಕೆಂಪು ಬಸ್ಸು ಅಭ್ಯಾಸ, ಅಲ್ವಾ? ಅಲ್ಲಿ ಖಾಸಗಿ ಬಸ್ಸಿನದೇ ರಾಜ್ಯ. ನಮ್ಮ ಸರ್ಕಾರಿ ಬಸ್ಸು ಮಂಗಳೂರಿನ ಬಿಜೈಯಲ್ಲಿ ಇಳಿಸುತ್ತದೆ. ಉಡುಪಿಯ ಖಾಸಗಿ ಬಸ್ಸು ಹೊರಡುವುದು ಸ್ಟೇಟ್‌ಬ್ಯಾಂಕ್‌ನಿಂದ. ಅದು ಅಲ್ಲಿನ ಬಸ್ ಸ್ಟ್ಯಾಂಡಿನ ಹೆಸರು! ಮೊದಲ ಸಲ ಆಟೊದವರು "ಸ್ಟೇಟ್‌ಬ್ಯಾಂಕಾ?" ಅಂದಾಗ "ಬ್ಯಾಂಕಿಗಲ್ಲಪ್ಪಾ, ಬಸ್ಸಿಗೆ" ಅಂದಿದ್ದೆ. ಸಾಮಾನು ಜಾಸ್ತಿ ಇದ್ದರೆ ಅಲ್ಲಿಗೇ ಹೋಗಿ ಹತ್ತಿ, ಸೀಟು ಸಿಗುತ್ತದೆ.

ಹತ್ತುವ ಮುಂಚೆ ಎಕ್ಸ್‌ಪ್ರೆಸ್ಸೋ ಸರ್ವಿಸ್ಸೋ ಕೇಳಿ. ಸರ್ವಿಸ್ ಬಸ್ಸು ಊರೂರಲ್ಲಿ ನಿಲ್ಲುತ್ತದೆ. ಎಕ್ಸ್‌ಪ್ರೆಸ್ಸು ದೊಡ್ಡ ಸ್ಟಾಪಿನಲ್ಲಿ ಮಾತ್ರ. ಒಂದು ಸಲ ಕಂಡಕ್ಟರ್ "ಹತ್ತಿ ಹತ್ತಿ" ಅಂದರು ಅಂತ ಹತ್ತಿಬಿಟ್ಟೆ. ಪಾಂಗಾಳ ಕಿಟಕಿಯಲ್ಲಿ ಸರಕ್ಕನೆ ಹಿಂದೆ ಹೋಯಿತು. ಇಳಿದದ್ದು ಕಟಪಾಡಿಯಲ್ಲಿ, ವಾಪಸ್ ಆಟೊಗೆ ಬಸ್ಸಿಗಿಂತ ಜಾಸ್ತಿ ದುಡ್ಡು. ಬಸ್ಸು ತುಂಬಿದಾಗ "ದುಂಬು ಪೋಲೆ, ದುಂಬು ಪೋಲೆ" ಅಂತ ಕೂಗುತ್ತಾರೆ. ಮುಂದೆ ಹೋಗಿ ಅಂತ ಅರ್ಥ, ಬೈಗುಳ ಅಲ್ಲ. ಬಸ್ಸು ನಿಂತ ಮೇಲೆ ಎದ್ದರಾಯಿತು ಅಂತ ಕೂತಿರಬೇಡಿ, ಅಷ್ಟರಲ್ಲಿ ಸೀಟಿ ಹೊಡೆದಾಗಿರುತ್ತದೆ.

ಹೆಂಗಸರಿಗೆ ಇನ್ನೊಂದು ಮಾತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮಗೆ ಕೆಂಪು ಬಸ್ಸು ಉಚಿತ, ಆಧಾರ್ ಕಾರ್ಡ್ ಕೈಯಲ್ಲಿರಬೇಕು. ರಾಜಹಂಸಕ್ಕೆ, ಖಾಸಗಿ ಬಸ್ಸಿಗೆ ಅದು ನಡೆಯುವುದಿಲ್ಲ. ಅಂದರೆ ಮಂಗಳೂರಿನ ತನಕ ಬಿಟ್ಟಿ, ಅಲ್ಲಿಂದ ಮುಂದೆ ಪರ್ಸ್ ತೆಗೆಯಬೇಕು. ಚಿಲ್ಲರೆ ಇಟ್ಟುಕೊಳ್ಳಿ.

ಮಕ್ಕಳಿದ್ದರೆ ಮಂಗಳೂರಿನ ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿಯಲ್ಲಿ ದಾಟಿಸಿ. ರಸ್ತೆಯಲ್ಲಿ ಕೂಳೂರು ಸುತ್ತಿಕೊಂಡು ಹೋಗಬೇಕಾದ ಬೀಚಿಗೆ ನದಿ ದಾಟಿದರೆ ನಾಲ್ಕೇ ಹೆಜ್ಜೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೂ ಬೋಟ್ ಇದೆ, ಆದರೆ ಮಳೆಗಾಲದಲ್ಲಿ ನಿಲ್ಲಿಸಿರುತ್ತಾರೆ.

ವಾಪಸ್ ಬರುವಾಗ ಒಣಮೀನು ತರುತ್ತೀರಿ ಅಂತ ನನಗೆ ಗೊತ್ತು. ಪ್ಲಾಸ್ಟಿಕ್ ಕವರಿನಲ್ಲಿ ತರಬೇಡಿ. ನಾಲ್ಕು ಪದರ ಪೇಪರ್ ಸುತ್ತಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ, ಮೇಲೊಂದು ಹಳೇ ಟವೆಲ್ ಕಟ್ಟಿ ಸೀಟಿನ ಕೆಳಗಿಡಿ. ನನ್ನ ಡಬ್ಬಿ ಹೀಗೇ ಎಷ್ಟೋ ಸಲ ಘಟ್ಟ ಹತ್ತಿದೆ. ಒಂದೇ ಒಂದು ಸಲ, ಗುಂಡ್ಯ ದಾಟಿದ ಮೇಲೆ ಕಂಡಕ್ಟರ್ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಸಿಗಡಿ ಕೆ.ಜಿ.ಗೆ ಎಷ್ಟಕ್ಕೆ ಕೊಟ್ರಮ್ಮಾ?"