ಅಂಕೋಲಾದಿಂದ ಸಂಗ್ರೂರಿಗೆ: ಮಧ್ಯಾಹ್ನ ಎರಡಕ್ಕೆ ಗಾಡಿ ನಿಲ್ಲಿಸುತ್ತ

ರಾಷ್ಟ್ರೀಯ ಹೆದ್ದಾರಿ 52ರ ಒಂದು ತುದಿ ನಮ್ಮ ಅಂಕೋಲಾದಲ್ಲಿದೆ, ಇನ್ನೊಂದು ತುದಿ ಪಂಜಾಬಿನ ಸಂಗ್ರೂರಿನಲ್ಲಿ. ನಡುವೆ ಆರು ರಾಜ್ಯ, ಸುಮಾರು 2,300 ಕಿ.ಮೀ. ಹುಬ್ಬಳ್ಳಿಯವನಾದ ನನಗೆ ಇದು ಯಲ್ಲಾಪುರಕ್ಕೂ ವಿಜಯಪುರಕ್ಕೂ ಓಡಾಡಿ ಸವೆಸಿದ ರಸ್ತೆ. ಆದರೆ ಅದು ಉತ್ತರಕ್ಕೆ ಎಲ್ಲಿಯವರೆಗೆ ಹೋಗುತ್ತದೆ ಎಂದು ನಕಾಶೆಯ ಮೇಲೆ ಬೆರಳಿಟ್ಟು ನೋಡಿದ ದಿನದಿಂದ ಸುಮ್ಮನೆ ಕೂರಲಾಗಲಿಲ್ಲ. ಬೈಕಿನವರು ಸೇರಿದಲ್ಲೆಲ್ಲ ಲಡಾಖಿನದೇ ಮಾತು. ಗಾಡಿಯನ್ನು ರೈಲಿಗೆ ಹಾಕಿ ಚಂಡೀಗಢದಲ್ಲೋ ಜಮ್ಮುವಿನಲ್ಲೋ ಇಳಿಸಿಕೊಂಡು ಬೆಟ್ಟ ಹತ್ತುವವರು ಬಹಳ. ಅವರು ರೈಲಿನಲ್ಲಿ ನಿದ್ದೆ ಮಾಡುತ್ತ ದಾಟುವ ನಡುವಿನ ನೆಲವೇ ನನಗೆ ಬೇಕಾಗಿತ್ತು.

ಹೊರಡುವ ಮೊದಲೇ ಒಂದು ಕಟ್ಟು ಹಾಕಿಕೊಂಡೆ. ಬೆಳಿಗ್ಗೆ ಆರಕ್ಕೆ ಗಾಡಿ ಚಾಲೂ, ಮಧ್ಯಾಹ್ನ ಎರಡಕ್ಕೆ ಬಂದ್. ಹೀಗೆ ಹೋದರೆ ದಿನಕ್ಕೆ ಹೆಚ್ಚೆಂದರೆ 300 ಕಿ.ಮೀ. ಆಗುತ್ತದೆ. ಇವತ್ತಿನ ನಾಲ್ಕು ಲೇನಿನ ರಸ್ತೆಯಲ್ಲಿ ಅದರ ಎರಡರಷ್ಟು ಹೊಡೆಯಬಹುದು, ಹೊಡೆಯುವವರೂ ಇದ್ದಾರೆ. ಆದರೆ ಊಟವಾದ ಮೇಲೆ, ಬಿಸಿಲು ಹೆಲ್ಮೆಟ್ಟಿನೊಳಗೆ ಇಳಿದ ಮೇಲೆ, ಕಣ್ಣು ರಸ್ತೆಯ ಮೇಲಿದ್ದರೂ ಗಮನ ಅಲ್ಲಿರುವುದಿಲ್ಲ. ಎದುರಿನ ಲಾರಿ ಬ್ರೇಕ್ ಹಾಕಿದ್ದು ಗೊತ್ತಾಗುವುದಕ್ಕೂ ಕೈ ಲಿವರ್ ಒತ್ತುವುದಕ್ಕೂ ನಡುವಿನ ಆ ಅರೆಕ್ಷಣ ಹಿಗ್ಗುವುದು ಆ ಹೊತ್ತಿನಲ್ಲೇ. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ಮಧ್ಯಾಹ್ನ, ಸಂಜೆ ಎರಡೂ ಆ ಊರಿಗೆ ಸಿಗಬೇಕಿತ್ತು. ಈಗ ಹಿಂದಿರುಗಿ ನೋಡಿದರೆ ನೆನಪಿನಲ್ಲಿ ಗಟ್ಟಿಯಾಗಿ ಉಳಿದವೆಲ್ಲ ಗಾಡಿ ನಿಲ್ಲಿಸಿದ ಮೇಲಿನ ಹೊತ್ತುಗಳೇ.

ಗಾಡಿ ನನ್ನ ಹಳೆಯ 350 ಸಿಸಿಯದು. ಗೋಕುಲ ರೋಡಿನ ಮಿಸ್ತ್ರಿ ಅದನ್ನು ಬಿಚ್ಚಿ ನೋಡಿ, "ಗಾಡಿ ಕೈ ಬಿಡಂಗಿಲ್ರೀ ಸರ. ಚೈನ್ ಒಂದು ಒಣಗಸಬ್ಯಾಡ್ರಿ, ಅಷ್ಟ ನೋಡ್ರಿ" ಅಂದರು. ಅವರ ಮಾತನ್ನು ದಿನವೂ ಪಾಲಿಸಿದೆ. ಚೈನಿಗೆ ಎಣ್ಣೆ ಹಾಕಬೇಕಾದದ್ದು ಬೆಳಿಗ್ಗೆ ಹೊರಡುವಾಗ ಅಲ್ಲ, ಓಡಿಸಿ ನಿಲ್ಲಿಸಿದ ಕೂಡಲೇ. ಬಿಸಿ ಚೈನನ್ನು ಬಟ್ಟೆಯಿಂದ ಒರೆಸಿ, 90ರ ಗೇರ್ ಆಯಿಲ್ ತೆಳುವಾಗಿ ಬಿಟ್ಟರೆ ರಾತ್ರಿಯೆಲ್ಲ ಕೊಂಡಿಗಳ ಒಳಗೆ ಇಳಿಯುತ್ತದೆ. ಹೊರಡುವಾಗ ಹಾಕಿದರೆ ಅರ್ಧ ಎಣ್ಣೆ ಹಿಂದಿನ ಚಕ್ರದ ಮೇಲೆ ಸಿಡಿದು ಧೂಳು ಹಿಡಿಯುತ್ತದೆ. ಚೈನಿನ ಸಡಿಲ ನೋಡುವಾಗ ಚಕ್ರ ತಿರುಗಿಸಿ ಅದು ಅತಿ ಬಿಗಿಯಾಗುವ ಜಾಗದಲ್ಲಿ ಅಳೆಯಬೇಕು. ಹೊಸ ಕ್ಲಚ್ ಕೇಬಲ್ಲನ್ನು ಚೀಲದಲ್ಲಿ ಇಟ್ಟುಕೊಳ್ಳದೆ ಹಳೆಯದರ ಪಕ್ಕದಲ್ಲೇ ಎಳೆದು ಕಟ್ಟಿಸಿದ್ದೆ. ಹಳೆಯದು ತುಂಡಾದರೆ ಎರಡು ತುದಿ ಸಿಕ್ಕಿಸಿದರೆ ಸಾಕು. ಇದಲ್ಲದೆ ಒಂದು ಟ್ಯೂಬು, ಟೈರ್ ಲಿವರು, ಕೈಪಂಪು, ಪ್ಲಗ್ಗು, ಫ್ಯೂಸು. ಬೆನ್ನಿಗೆ ಏನೂ ಇಲ್ಲ. ಭಾರವೆಲ್ಲ ಸೀಟಿನ ಎರಡು ಬದಿಯ ಚೀಲದಲ್ಲಿ, ಆದಷ್ಟು ಕೆಳಗೆ. ಬೆನ್ನಚೀಲ ಹಾಕಿಕೊಂಡು ದೂರ ಹೋಗುವವರಿಗೆ ಮೊದಲು ಸೋಲುವುದು ಹೆಗಲು.

ದೀಪಾವಳಿ ಕಳೆದ ಮೇಲೆ ಹೊರಟೆ. ಅಂಕೋಲಾ 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಊರು. ಅಲ್ಲಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ, ಕಲಘಟಗಿ ದಾಟುವಷ್ಟರಲ್ಲಿ ಕಾಡು ಮುಗಿದಿತ್ತು. ಹುಬ್ಬಳ್ಳಿ ದಾಟಿ ನವಲಗುಂದ ಬಂತೆಂದರೆ ಎರೆಹೊಲ, ಕಣ್ಣು ಹಾಯುವವರೆಗೆ ಕಡಲೆ, ಬಿಳಿಜೋಳ. ಈ ಕಪ್ಪು ಮಣ್ಣು ನನ್ನನ್ನು ಎಷ್ಟು ದೂರ ಕರೆದುಕೊಂಡು ಹೋಗುತ್ತದೆ ಎಂಬ ಅಂದಾಜು ಆಗ ಇರಲಿಲ್ಲ. ನಡುನಡುವೆ ಬೇರೆ ಮಣ್ಣು ಇಣುಕಿದರೂ ಸೊಲ್ಲಾಪುರ, ಬೀಡ, ಧುಳೆ, ಇಂದೂರು, ಶಾಜಾಪುರದವರೆಗೂ ಅದೇ ಎರೆ ಮತ್ತೆ ಮತ್ತೆ ಸಿಕ್ಕಿತು.

ಕುಳಗೇರಿ ಕ್ರಾಸಿನಲ್ಲಿ ಬಲಕ್ಕೆ ಹೊರಳಿ ಬಾದಾಮಿ ಮೇಲೆ ಪಟ್ಟದಕಲ್ಲಿಗೆ ಹೋದೆ. ಹತ್ತಾರು ಸಲ ನೋಡಿದ ಜಾಗ, ಆದರೂ ಈ ಸಲ ಬೇಕೆಂದೇ ಹೋದೆ. ಚಾಲುಕ್ಯ ಎರಡನೆಯ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯನ್ನು ಸಂಜೆಯವರೆಗೂ ಸುತ್ತಿದೆ. ನಂದಿಮಂಟಪ ಎಲ್ಲಿದೆ, ಶಿಖರ ಎಷ್ಟು ಹಂತ ಏರುತ್ತದೆ, ರಾವಣ ಕೈಲಾಸ ಎತ್ತುವ ಶಿಲ್ಪ ಹೇಗಿದೆ, ಎಲ್ಲ ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ಅಲ್ಲಿಂದ ಮುಂದೆ ಕೊಲ್ಹಾರದ ಸೇತುವೆ ಮೇಲೆ ಕೃಷ್ಣೆ. ಆಲಮಟ್ಟಿಯ ಹಿನ್ನೀರು ತುಂಬಿ ಆಚೆಯ ದಂಡೆ ಮಸುಕಾಗಿತ್ತು. ವಿಜಯಪುರ ಬಿಟ್ಟು ಧೂಳಖೇಡದ ಹತ್ತಿರ ಭೀಮೆ ದಾಟಿದರೆ ಮಹಾರಾಷ್ಟ್ರ. ಸೊಲ್ಲಾಪುರದ ಪೇಟೆಯಲ್ಲಿ ನಮ್ಮ ಕನ್ನಡವೇ ನಡೆಯಿತು. ಈ ಹಂಗಾಮಿನಲ್ಲಿ ಬೀಳಗಿಯಿಂದ ಬೀಡದವರೆಗೆ ರಸ್ತೆ ಕಬ್ಬಿನದು. ಒಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್, ಅಗಲಕ್ಕೂ ಎತ್ತರಕ್ಕೂ ಮಿತಿ ಮೀರಿದ ಹೇರು, ಹಿಂದೆ ಲೈಟಿಲ್ಲ, ಎಷ್ಟೋ ಗಾಡಿಗೆ ರಿಫ್ಲೆಕ್ಟರೂ ಇಲ್ಲ. ಕತ್ತಲಾದ ಮೇಲೆ ಈ ರಸ್ತೆಯಲ್ಲಿ ಬೈಕ್ ಓಡಿಸಬೇಡಿ ಎಂದು ಕೈ ಮುಗಿದು ಹೇಳುತ್ತೇನೆ. ಹಗಲಿನಲ್ಲೂ ಟ್ರೇಲರಿನ ಹಿಂದೆ ಅಂಟಿಕೊಳ್ಳದೆ ದೂರ ಇದ್ದು, ಚಾಲಕನ ಕನ್ನಡಿಯಲ್ಲಿ ನಾವು ಕಾಣುತ್ತಿದ್ದೇವೆ ಅಂತ ಖಾತ್ರಿಯಾದ ಮೇಲೆ, ಒಂದೇ ಸಲಕ್ಕೆ ಮುಂದೆ ಹೋಗಬೇಕು.

ಗೇವರಾಯಿಯ ಒಂದು ಚಹಾದಂಗಡಿಯಲ್ಲಿ ಅಜ್ಜ ಒಬ್ಬರು ನಂಬರ್ ಪ್ಲೇಟಿನ ಕೆಎ ನೋಡಿ "ಯಾ ಊರ್ರೀ?" ಅಂದರು. ಕಬ್ಬು ಕಡಿಯುವ ಗ್ಯಾಂಗಿನಲ್ಲಿ ವರ್ಷಗಟ್ಟಲೆ ಬಾಗಲಕೋಟೆ ಕಡೆ ಬಂದವರು. ಬೀಡ ಜಿಲ್ಲೆಯಿಂದ ಪ್ರತಿ ವರ್ಷ ಕುಟುಂಬ ಕುಟುಂಬವೇ ಕೊಯಿತಾ, ಅಂದರೆ ಕಬ್ಬು ಕಡಿಯುವ ಕತ್ತಿ, ಹಿಡಿದು ಪಶ್ಚಿಮ ಮಹಾರಾಷ್ಟ್ರಕ್ಕೂ ನಮ್ಮ ಕಡೆಗೂ ಇಳಿಯುತ್ತದೆ. ನಾನು ಖುಷಿಗೆ ಹೊರಟ ಈ ರಸ್ತೆಯಲ್ಲಿ ಅವರು ಹೊಟ್ಟೆಪಾಡಿಗೆ, ಮಕ್ಕಳು ಮರಿ ಸಮೇತ, ಟ್ರ್ಯಾಕ್ಟರಿನಲ್ಲಿ ಹೋಗಿಬರುತ್ತಾರೆ. "ಜ್ವಾಳದ ರೊಟ್ಟಿ ಇಲ್ಲೂ ಐತ್ರಿ, ಭಾಕರಿ ಅಂತೀವಿ, ಉಂಡು ಹೋಗ್ರಿ" ಎಂದರು. ಉಂಡೇ ಹೋದೆ.

ಶಹಾಗಡದಲ್ಲಿ ಗೋದಾವರಿ ದಾಟಿ, ಹಿಂದೆ ಔರಂಗಾಬಾದ್ ಆಗಿದ್ದ ಛತ್ರಪತಿ ಸಂಭಾಜಿನಗರದ ಆಚೆ ಎಲ್ಲೋರಾದಲ್ಲಿ ನಿಂತೆ. ಮಂಗಳವಾರ ಅಲ್ಲಿ ರಜೆ, ಹೋಗುವವರು ನೆನಪಿಡಿ. ಹದಿನಾರನೆಯ ಗುಹೆ ಕೈಲಾಸ. ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ್ದು, ಎಂಟನೆಯ ಶತಮಾನ. ಒಳಗೆ ಕಾಲಿಟ್ಟು ನಂದಿಮಂಟಪ ನೋಡಿದೆ, ತಲೆಯೆತ್ತಿ ಶಿಖರ ನೋಡಿದೆ, ಬದಿಯಲ್ಲಿ ಕೈಲಾಸ ಅಲುಗಿಸುವ ರಾವಣನನ್ನು ನೋಡಿದೆ. ಪಟ್ಟದಕಲ್ಲಿನ ಗುಡಿಯೇ ನನ್ನೆದುರು ಇತ್ತು, ಹಲವು ಪಟ್ಟು ಬೆಳೆದು, ಒಂದೇ ಬಂಡೆಯಲ್ಲಿ ಮೇಲಿನಿಂದ ಕೆಳಕ್ಕೆ ಕಡೆದು. ವಿರೂಪಾಕ್ಷನ ಮಾದರಿ ಕೈಲಾಸದಲ್ಲಿದೆ ಎಂದು ವಿದ್ವಾಂಸರು ಹೇಳಿದ್ದನ್ನು ಓದಿದ್ದೆ. ಆದರೆ ಪಟ್ಟದಕಲ್ಲಿನ ಧೂಳು ಬೂಟಿನಲ್ಲಿ ಇರುವಾಗಲೇ, ನಡುವಿನ ಪ್ರತಿ ಊರನ್ನೂ ಹೊಳೆಯನ್ನೂ ದಾಟಿಕೊಂಡು ಬಂದು ನೋಡಿದಾಗ ಆ ಮಾತಿಗೆ ದೂರ ಸೇರಿತು. ಒಂದು ಗುಡಿಯ ಅಳತೆಯನ್ನು ತಲೆಯಲ್ಲಿಟ್ಟುಕೊಂಡು ಇಷ್ಟು ನೆಲ ನಡೆದವರು ಯಾರೋ ಇದ್ದರು. ವಿಮಾನದಲ್ಲಿ ಬಂದಿದ್ದರೆ ನನಗೆ ಇದು ಹೊಳೆಯುತ್ತಿರಲಿಲ್ಲ. ಬಾಗಿಲು ಮುಚ್ಚುವವರೆಗೂ ಅಲ್ಲೇ ಇದ್ದೆ.

ಮರುದಿನ ಕನ್ನಡ ಎಂಬ ಹೆಸರಿನದೇ ಊರು ದಾಟಿ, ಘಾಟ್ ಇಳಿದು ಚಾಳೀಸಗಾಂವ್ ಮೇಲೆ ಧುಳೆ. ಧುಳೆಯಿಂದ ಇಂದೂರಿನ ಹಾದಿಯನ್ನು ಯಾರಾದರೂ ಶಾಲೆಯ ಮಕ್ಕಳಿಗೆ ತೋರಿಸಬೇಕು. ಶಿರಪುರದ ಹತ್ತಿರ ತಾಪಿ, ಆಮೇಲೆ ಬಿಜಾಸನ್ ಘಾಟಿನಲ್ಲಿ ಸಾತ್ಪುಡಾ, ಇಳಿದರೆ ಖಲಘಾಟಿನಲ್ಲಿ ನರ್ಮದೆ, ಮತ್ತೆ ಮಾನಪುರದ ಏರಿನಲ್ಲಿ ವಿಂಧ್ಯ. ಪುಸ್ತಕದಲ್ಲಿ ಬಾಯಿಪಾಠ ಮಾಡಿದ ನಾಲ್ಕು ಹೆಸರು ಒಂದೇ ಬೆಳಗಿನಲ್ಲಿ, ಅದೇ ಕ್ರಮದಲ್ಲಿ. ಮೈಗೂ ಅದು ತಿಳಿಯುತ್ತದೆ. ನರ್ಮದೆಯ ಕಣಿವೆಯಲ್ಲಿ ಜಾಕೀಟಿನ ಜಿಪ್ ತೆರೆದಿದ್ದೆ, ಮಾನಪುರ ಏರಿ ಮಾಳವ ಸೀಮೆಯ ಬಯಲಿಗೆ ಬಂದಾಗ ಕುತ್ತಿಗೆಯವರೆಗೂ ಹಾಕಬೇಕಾಯಿತು. ಇಳಿಜಾರಿನಲ್ಲಿ ಬ್ರೇಕನ್ನೇ ನಂಬಬೇಡಿ. ಏರಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್, ಇಂಜಿನ್ನೇ ಗಾಡಿ ಹಿಡಿದುಕೊಳ್ಳಲಿ.

ಇಂದೂರಿನಲ್ಲಿ ಪೋಹಾ ಜಿಲೇಬಿ ತಿಂದು, ನಿಲ್ಲದೆ ದೇವಾಸಿಗೆ ಹೋದೆ. ದೇವಾಸ್ ನನಗೆ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ಊರು. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಶಿವಪುತ್ರ ಕೋಮಕಾಳಿಮಠ ಎಂಬ ಹೆಸರಿನಲ್ಲಿ ಹುಟ್ಟಿದ ಅವರು, ಕ್ಷಯದಿಂದ ಬಳಲಿ, ಒಣ ಹವೆ ಬೇಕೆಂದು 1948ರಲ್ಲಿ ಇಲ್ಲಿಗೆ ಬಂದರು. ಹಾಡಬಾರದೆಂದು ವೈದ್ಯರು ಹೇಳಿದ್ದರು. ವರ್ಷಗಟ್ಟಲೆ ಹಾಸಿಗೆಯಲ್ಲಿ ಮಲಗಿ, ಹೊರಗೆ ಹಾಡಿಕೊಂಡು ಹೋಗುವವರ ಮಾಳವಿ ಪದಗಳನ್ನು ಕೇಳಿದರು. ಎದ್ದ ಮೇಲೆ ಆ ಪದಗಳ ಧಾಟಿಯಿಂದಲೇ ಹೊಸ ರಾಗ ಕಟ್ಟಿದರು, ಕಬೀರನ ನಿರ್ಗುಣಿ ಭಜನೆಗಳನ್ನು ಹಾಡಿದರು. 1992ರಲ್ಲಿ ತೀರಿಕೊಳ್ಳುವವರೆಗೂ ಈ ಊರು ಬಿಡಲಿಲ್ಲ. ಹಿಂದೂಸ್ತಾನಿ ಕೇಳುತ್ತಲೇ ಬೆಳೆದ ಹುಬ್ಬಳ್ಳಿಯವನಿಗೆ ಇದು ದೊಡ್ಡ ವಿಷಯ. ಸಂಜೆ ಟೇಕರಿ ಅನ್ನುವ ಗುಡ್ಡ ಹತ್ತಿ ತುಳಜಾ ಭವಾನಿಗೆ ಕೈ ಮುಗಿದೆ. ಅದೇ ಹೆಸರಿನ ದೇವಿಯನ್ನು ಸೊಲ್ಲಾಪುರದಾಚೆ ತುಳಜಾಪುರದಲ್ಲಿ ನೋಡಿ ಬಂದಿದ್ದೆ. ಕಲ್ಲಿನ ಮೇಲೆ ಕುಳಿತು ಕುಮಾರ ಗಂಧರ್ವರ "ಉಡ್ ಜಾಯೇಗಾ" ಭಜನೆ ಕೇಳಿದೆ. ಆ ದನಿ ಮನೆಯಲ್ಲಿ ಎಷ್ಟೋ ಸಲ ಕೇಳಿದ್ದು. ಕೆಳಗೆ ಊರಿನ ದೀಪ ಹತ್ತುವುದನ್ನು ನೋಡುತ್ತ ಕೇಳಿದ್ದು ಅದೊಂದೇ ಸಲ.

ಶಾಜಾಪುರದ ಆಸುಪಾಸಿನಲ್ಲಿ ಕರ್ಕಾಟಕ ವೃತ್ತ ದಾಟುತ್ತದೆ. ಮುಂದಿನ ಝಾಲಾವಾಡ, ಕೋಟಾ ದಾರಿಯಲ್ಲಿ ಕಲ್ಲಿನ ಚಪ್ಪಡಿ ಹೇರಿದ ಲಾರಿಗಳು. ನಮ್ಮ ಕಡೆ ಎಷ್ಟೋ ಕಚೇರಿಯ ನೆಲಕ್ಕೆ ಹಾಸಿದ ಹಸಿರುಗಪ್ಪು ಕೋಟಾ ಕಲ್ಲು ಈ ಸೀಮೆಯದು. ದರಾ ಕಣಿವೆಯಲ್ಲಿ ರಸ್ತೆ ಕಿರಿದು, ಲಾರಿ ಸಾಲು ಉದ್ದ, ತಾಳ್ಮೆ ಬೇಕು. ಮಧ್ಯಪ್ರದೇಶ, ರಾಜಸ್ಥಾನ ಎರಡರಲ್ಲೂ ಸಂಜೆ ತಂಪಾದಂತೆ ದನಗಳು ಬೆಚ್ಚಗಿನ ಡಾಂಬರಿನ ಮೇಲೆ ಬಂದು ಮಲಗುತ್ತವೆ. ಟೋಲ್ ನಾಕಾಗಳಲ್ಲಿ ಬೈಕಿಗೆ ಹಣವಿಲ್ಲ, ಎಡತುದಿಯ ಸಣ್ಣ ದಾರಿ ಹಿಡಿಯಬೇಕು. ಜೈಪುರವನ್ನು ಹೊರಗಿನಿಂದಲೇ ದಾಟಿದೆ.

ಸೀಕರ್, ಲಕ್ಷ್ಮಣಗಢ, ಫತೇಪುರ, ಚೂರು: ಇದು ರಾಜಸ್ಥಾನದ ಶೇಖಾವಾಟಿ ಸೀಮೆ. ಹವೇಲಿಗಳ ಗೋಡೆ ತುಂಬ ಚಿತ್ರ. ಆನೆ, ಕೃಷ್ಣ, ರೈಲು, ಮೋಟಾರು ಗಾಡಿ. ವ್ಯಾಪಾರಕ್ಕೆಂದು ಕೋಲ್ಕತ್ತ, ಮುಂಬೈ ಸೇರಿದ ಮಾರವಾಡಿ ಮನೆತನಗಳು ಊರಲ್ಲಿ ಕಟ್ಟಿಸಿದ ಮನೆಗಳು, ಈಗ ಬಹಳಷ್ಟಕ್ಕೆ ಬೀಗ. ಚೂರುವಿನಲ್ಲಿ 2019ರ ಜೂನ್ 1ರಂದು 50.8 ಡಿಗ್ರಿ ಬಿಸಿಲು ದಾಖಲಾಗಿತ್ತು. ನಾನು ಹೋದಾಗ ಬೆಳಗಿನ ಚಳಿಗೆ ಬೆರಳು ಸೆಟೆದು ಕ್ಲಚ್ ಹಿಡಿಯಲು ಕಷ್ಟವಾಗುತ್ತಿತ್ತು. ಜಾಕೀಟಿನೊಳಗೆ ಎದೆಗೆ ಒಂದು ವೃತ್ತಪತ್ರಿಕೆ ಹಾಕಿಕೊಂಡರೆ ಗಾಳಿ ತಡೆಯುತ್ತದೆ, ಇದನ್ನು ಹೇಳಿಕೊಟ್ಟದ್ದು ಫತೇಪುರದ ಹಾಲು ಮಾರುವವರು.

ಹರಿಯಾಣದ ಹಿಸಾರ್ ಕಡೆ ಬಂದ ಮೇಲೆ ನನ್ನ ಕಟ್ಟು ಬದಲಾಯಿತು. ಅಲ್ಲಿ ಮಂಜಿನ ದಿನ ಬೆಳಿಗ್ಗೆ ಆರಕ್ಕೆ ಮುಂದಿನ ಚಕ್ರವೂ ಸರಿಯಾಗಿ ಕಾಣುವುದಿಲ್ಲ. ಹತ್ತಾಗುವವರೆಗೆ ಢಾಬಾದಲ್ಲಿ ಕುಳಿತೆ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ, ಲೋ ಬೀಮೇ ಸರಿ. ನಿಲ್ಲುವುದಾದರೆ ರಸ್ತೆಯ ಅಂಚಿನಲ್ಲಿ ನಿಲ್ಲಬೇಡಿ, ಪೆಟ್ರೋಲ್ ಬಂಕಿನೊಳಗೇ ಹೋಗಿ. ಹೆಲ್ಮೆಟ್ ಗಾಜಿನ ಒಳಮೈಗೆ ಪಾತ್ರೆ ತೊಳೆಯುವ ಸೋಪಿನ ನೀರನ್ನು ತೆಳುವಾಗಿ ಸವರಿ ಒಣಗಿಸಿದರೆ ಉಸಿರಿಗೆ ಮಸುಕಾಗುವುದಿಲ್ಲ.

ಘಗ್ಗರ್ ನದಿ ದಾಟಿ ಸಂಗ್ರೂರು ಸೇರಿದಾಗ ಗೋದಿ ಮೊಳಕೆಯೊಡೆದಿತ್ತು. ಅಲ್ಲಿನ ಮಿಸ್ತ್ರಿ, ವಯಸ್ಸಾದ ಸರ್ದಾರ್‌ಜಿ, ಚೈನ್ ಎಳೆದು ನೋಡಿ ತಲೆಯಾಡಿಸಿದರು. ಹಿಂದಿನ ಬ್ರೇಕ್ ಶೂ ಬಿಟ್ಟರೆ ಬೇರೇನೂ ಬದಲಿಸಬೇಕಾಗಲಿಲ್ಲ. ರಜೆ ಮುಗಿದಿದ್ದರಿಂದ ಪೆಟ್ರೋಲ್ ಖಾಲಿ ಮಾಡಿಸಿ, ಗೋಣಿಚೀಲ ಸುತ್ತಿಸಿ ಗಾಡಿಯನ್ನು ರೈಲಿನ ಪಾರ್ಸೆಲ್ಲಿಗೆ ಹಾಕಿದೆ.

ಈ ರಸ್ತೆ ಹಿಡಿಯುವ ಮನಸ್ಸಿದ್ದವರು ದೀಪಾವಳಿ ಮುಗಿದ ವಾರವೇ ಹೊರಡಿ, ಡಿಸೆಂಬರ್ ನಡುವಿಗೆ ಮೊದಲೇ ಹಿಸಾರ್ ದಾಟಿ. ಪಟ್ಟದಕಲ್ಲನ್ನು ಬಿಟ್ಟು ಎಲ್ಲೋರಾಕ್ಕೆ ಹೋಗಬೇಡಿ. ದೇವಾಸಿನಲ್ಲಿ ಒಂದು ರಾತ್ರಿ ಇರಿ.